ಗಿಣ್ಣ ಮೊದಲು ಮರಿಗೆ



ಕಳೆದ ಸಂಚಿಕೆಯಲ್ಲಿ ಹಿತ್ತಲ ನುಗ್ಗೆಗಿಡದ ವಿಷಯ ಬರೆದಿದ್ದೆನಲ್ಲ, ಅದನ್ನು ಓದಿ ಚಿಟಗುಪ್ಪಾದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ನುಗ್ಗೆಸೊಪ್ಪು ನಾವು ತಿನ್ನುವುದಕ್ಕಿಂತ ಉಳಿಯುವುದೇ ಹೆಚ್ಚು. ಒಂದು ಹಾಲಿನ ಆಡು ಕಟ್ಟಬೇಕು ಅಂತ ಮನಸ್ಸಿದೆ. ದಿನಕ್ಕೆ ಎಷ್ಟು ಹಾಲು ಕೊಡುತ್ತದೆ ಹೇಳಿರಿ" ಎಂಬುದು ಅವರ ಪ್ರಶ್ನೆ.

ನಾನೂ ಮೊದಲು ಕೇಳಿದ್ದು ಅದನ್ನೇ. ಹಾಗೆ ಕೇಳಿ ಮಾಡಿಕೊಂಡ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನೀವಾದರೂ ಮಾಡದಿರಿ.

ಹುಮನಾಬಾದ ತಾಲ್ಲೂಕಿನ ನಮ್ಮ ದುಬಲಗುಂಡಿಯಲ್ಲಿ ಆಡು ಕಾಣದ ಓಣಿ ಇಲ್ಲ. ಆದರೂ ನಮ್ಮ ಮನೆಗೆ ಆಡು ಬಂದದ್ದು ನಾನು ಸೊಸೆಯಾಗಿ ಬಂದು ಎಷ್ಟೋ ವರ್ಷದ ಮೇಲೆ. ಕರೀ ಆಡು, ಕಾಳಿ ಎಂದು ಹೆಸರಿಟ್ಟೆವು. ದೀಪಾವಳಿ ಮುಗಿದ ವಾರದಲ್ಲಿ ಎರಡು ಮರಿ ಹಾಕಿತು. ಮನೆಯಲ್ಲಿ ಆ ಹೊತ್ತಿಗೆ ನೆಂಟರು. "ಆಡಿನ ಗಿಣ್ಣ ತಿಂದು ಎಷ್ಟು ವರ್ಷ ಆಯ್ತು" ಎಂದು ಅವರಲ್ಲೊಬ್ಬರು ಆಸೆಪಟ್ಟರು. ನನಗೂ ಹೆಮ್ಮೆ ನೋಡಿ, ತಂಬಿಗೆ ತುಂಬ ಹಿಂಡಿದೆ. ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸಿ ಓಣಿಗೆಲ್ಲ ಹಂಚಿದೆ. ಮರಿಗಳಿಗೆ ಸಂಜೆ ಕುಡಿಸಿದರಾಯಿತು ಎಂದುಕೊಂಡೆ.

ದೊಡ್ಡ ಮರಿ ತಡೆದುಕೊಂಡಿತು. ಚಿಕ್ಕದು ಹೆಣ್ಣುಮರಿ. ಐದನೇ ದಿನಕ್ಕೆ ಭೇದಿ ಹತ್ತಿತು. ಔಷಧಿ ಹಾಕಿಸಿದರೂ ಚೇತರಿಸಲಿಲ್ಲ, ಒಂಬತ್ತನೇ ದಿನ ನನ್ನ ಸೀರೆಯ ಸೆರಗಿನಲ್ಲೇ ಹೋಯಿತು. ಕಾಳಿ ಮೂರು ದಿನ ಆ ಗೂಟದ ಕಡೆಗೇ ಮುಖ ಮಾಡಿ ಕೂಗಿತು. ನಮ್ಮ ಓಣಿಯ ದೊಡ್ಡವ್ವ ಬಂದು ನೋಡಿ ಒಂದೇ ಮಾತು ಅಂದರು: "ಏನವಾ ತಂಗಿ, ಅದರ ಕೂಸಿನ ಬಾಯಾಗಿಂದು ಕಸಗೊಂಡು ಊರಿಗೆ ಹಂಚಿದಿ. ಆಡಿನ ಕೆಚ್ಚಲ ನೋಡಬ್ಯಾಡ, ಮೊದಲ ಮರಿ ಹೊಟ್ಟಿ ನೋಡು."

ದೊಡ್ಡವ್ವ ಶಾಲೆಗೆ ಹೋದವರಲ್ಲ. ಆದರೆ ಆ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಆಡಿನ ಮರಿ ಹೊಟ್ಟೆಯಲ್ಲಿರುವಾಗ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಅದಕ್ಕೆ ಸಿಗುವುದಿಲ್ಲ. ಅದೆಲ್ಲ ಗಿಣ್ಣದಲ್ಲೇ ಬರಬೇಕು. ಮರಿಯ ಕರುಳು ಆ ಶಕ್ತಿಯನ್ನು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ಕೆಲವು ತಾಸು ಮಾತ್ರ. ತಾಸು ಕಳೆದಂತೆ ಕರುಳಿನ ಆ ಬಾಗಿಲು ಮುಚ್ಚುತ್ತಾ ಹೋಗಿ, ಒಂದು ದಿನದಲ್ಲಿ ಪೂರ್ತಿ ಮುಚ್ಚಿಬಿಡುತ್ತದೆ. ಸಂಜೆ ಕೊಟ್ಟ ಗಿಣ್ಣ ಹೊಟ್ಟೆ ತುಂಬಿಸೀತು, ಬೆಳಗಿನ ಗಿಣ್ಣದ ಕೆಲಸ ಮಾಡಲಾರದು.

ಆದ್ದರಿಂದ ಇದನ್ನು ಅಡಿಗೆಮನೆಯ ಗೋಡೆಗೆ ಬರೆದಿಡಿ: ಮರಿ ಹುಟ್ಟಿದ ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸಿನೊಳಗೆ ಗಿಣ್ಣ ಕುಡಿಯಬೇಕು. ಮೊದಲ ದಿನದಲ್ಲಿ ಮರಿಯ ತೂಕದ ಹತ್ತನೇ ಒಂದು ಪಾಲು, ಎಂದರೆ ಎರಡು ಕಿಲೋ ಮರಿಗೆ 200 ಮಿ.ಲೀ., ಮೂರು ನಾಲ್ಕು ಸಲವಾಗಿ ಒಳಗೆ ಹೋಗಬೇಕು. ಎದ್ದು ನಿಲ್ಲಲಾರದ ಮರಿಗೆ ಹಿಂಡಿ, ಬೆಚ್ಚಗಿರುವಾಗಲೇ ನಿಪ್ಪಲ್ ಬಾಟಲಿಯಿಂದ ಕುಡಿಸಿ. ತಲೆ ಎತ್ತಿ ಗಂಟಲಿಗೆ ಹೊಯ್ಯಬೇಡಿ, ಶ್ವಾಸಕ್ಕೆ ಹೋದೀತು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ನೆಂಟರು ಕಾಯಲಿ, ಮುಂದಿನ ವರ್ಷವೂ ಬರುತ್ತಾರೆ.

ಹಾಲಿನ ಲೆಕ್ಕ

ಈಗ ಚಿಟಗುಪ್ಪಾದ ಸೋದರಿಯ ಪ್ರಶ್ನೆಗೆ ಬರೋಣ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಉಸ್ಮಾನಾಬಾದಿ ಆಡು. ಗಡಿಯಾಚೆಯ ಉಸ್ಮಾನಾಬಾದಿನಿಂದ (2023ರಿಂದ ಆ ಊರಿನ ಹೆಸರು ಧಾರಾಶಿವ) ಬಂದ ಹೆಸರು ಇದು. ಬಹಳವಾಗಿ ಕಪ್ಪು ಬಣ್ಣ, ಎತ್ತರದ ಕಾಲು, ಅವಳಿ ಮರಿ ಹಾಕುವುದು ಸಾಮಾನ್ಯ. ನಮ್ಮ ಜಿಲ್ಲೆಯ ಹೆಸರಿನ ಬೀದರಿ ಆಡೂ ಈಚೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದೆ. ಉಸ್ಮಾನಾಬಾದಿ ಆಡು ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಹಾಲು ಕೊಡುತ್ತದೆ, ಅದೂ ಸುಮಾರು ನಾಲ್ಕು ತಿಂಗಳು. ಸ್ವಿಟ್ಜರ್ಲೆಂಡಿನ ಸಾನೆನ್ ಆಡು ಮೂರು ಲೀಟರ್ ಮೀರಿ ಕೊಡುತ್ತದೆ ನಿಜ. ಆದರೆ ಅದಕ್ಕೆ ಬೇಕಾದ ತಂಪು, ಬೇಕಾದ ಮೇವು ನಮ್ಮ ವೈಶಾಖದ ಬಿಸಿಲಿನಲ್ಲಿ ಎಲ್ಲಿಂದ ತರೋಣ? ನಮ್ಮ ನೆಲದ ಆಡೇ ನಮಗೆ ಸರಿ.

ನಿಮ್ಮ ಆಡು ಒಂದು ಲೀಟರ್ ಕೊಡುತ್ತದೆ ಅನ್ನಿ. ಅವಳಿ ಮರಿ, ಒಂದೊಂದು ಎರಡೂವರೆ ಕಿಲೋ. ತೂಕದ ಹತ್ತನೇ ಪಾಲಿನಂತೆ ಎರಡಕ್ಕೂ ಸೇರಿ ಅರ್ಧ ಲೀಟರ್ ಬೇಕು. ಮೂರು ವಾರಕ್ಕೆ ಮರಿಗಳು ನಾಲ್ಕು ಕಿಲೋ ಆಗುತ್ತವೆ. ಆಗ 800 ಮಿ.ಲೀ. ಅವಕ್ಕೇ ಹೋಯಿತು. ನಿಮಗೆ ಉಳಿಯುವುದು ಎರಡು ಕಪ್ ಚಹಾದ ಹಾಲು. "ಅಯ್ಯ, ಇಷ್ಟಕ್ಕಾಗಿ ಆಡು ಕಟ್ಟಬೇಕೇ?" ಎಂದು ಪತ್ರಿಕೆ ಮಡಚಿಡಬೇಡಿ, ಇನ್ನೂ ಲೆಕ್ಕ ಮುಗಿದಿಲ್ಲ.

ಹದಿನೈದನೇ ದಿನದಿಂದ ಮರಿಗಳ ಮುಂದೆ ಎಳೆಸೊಪ್ಪಿನ ಕಟ್ಟು ತೂಗುಹಾಕಿ. ಆಡಿಕೊಂಡೇ ತಿನ್ನಲು ಕಲಿಯುತ್ತವೆ. ಎರಡು ತಿಂಗಳಿಗೆ ಸೊಪ್ಪು, ಹಿಂಡಿಯ ಮೇಲೆ ಬರುತ್ತವೆ, ಹಾಲು ಕಡಿಮೆ ಮಾಡುತ್ತಾ ಬಂದು ಮೂರು ತಿಂಗಳಿಗೆ ಬಿಡಿಸಬಹುದು. ಮನೆಯ ಪಾಲು ನಿಜವಾಗಿ ಸಿಗುವುದು ಆಮೇಲೆ. ಅಲ್ಲಿಯವರೆಗೆ ಮೂರನೇ ವಾರದಿಂದ ರಾತ್ರಿ ಮರಿಗಳನ್ನು ಬೇರೆ ಕಟ್ಟಿ, ಬೆಳಿಗ್ಗೆ ಸ್ವಲ್ಪ ಹಿಂಡಿಕೊಂಡು ಉಳಿದದ್ದನ್ನು ಅವಕ್ಕೆ ಬಿಡಿ. ಒಂಟಿ ಮರಿಯಾದರೆ ನಿಮ್ಮ ಪಾಲು ಮೊದಲೇ ಸಿಕ್ಕೀತು. ಮರಿ ಕುಣಿಯುತ್ತಿದ್ದರೆ ಹಾಲು ಸಾಕಾಗಿದೆ ಎಂದರ್ಥ. ಬೆನ್ನು ಬಾಗಿಸಿ ಮೂಲೆಯಲ್ಲಿ ನಿಂತಿದ್ದರೆ ಆ ದಿನ ನಿಮ್ಮ ಚಹಾ ಕರಿಚಹಾ ಆಗಲಿ.

ಸಾಲದಿಂದ ಒಂದು ಮಾತು ತೆಗೆದುಕೊಂಡರೆ, ಮರಿ ಅಸಲು, ಹಾಲು ಬಡ್ಡಿ. ಅಸಲು ಮುರಿದು ಬಡ್ಡಿ ತಿಂದರೆ ಮನೆ ನಿಲ್ಲುತ್ತದೆಯೇ ನೀವೇ ಹೇಳಿ.

ಹುಣ್ಣಿಮೆಯ ಲೆಕ್ಕ

ಆಡಿನ ಗಬ್ಬದ ದಿನ ಸುಮಾರು 150. ಕ್ಯಾಲೆಂಡರಿನಲ್ಲಿ ದಿನ ಎಣಿಸುವುದು ಬೇಸರ ಎನ್ನುವವರಿಗೆ ದೊಡ್ಡವ್ವನ ಲೆಕ್ಕ ಸುಲಭ: ಐದು ಹುಣ್ಣಿಮೆ. ಕಾರಹುಣ್ಣಿಮೆಯ ಹೊತ್ತಿಗೆ ಹೋತ ತೋರಿಸಿದರೆ ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ ದಾಟಿ ಗೌರಿ ಹುಣ್ಣಿಮೆಯ ಸುಮಾರಿಗೆ ಮರಿ. ಎರಡು ಮೂರು ದಿನ ಆಚೀಚೆ ಆಗಬಹುದು. ನಡುವೆ ಅಧಿಕಮಾಸ ಬಂದರೆ ಹುಣ್ಣಿಮೆಯ ಹೆಸರು ನೋಡದೆ ಎಣಿಕೆ ಮಾತ್ರ ಹಿಡಿಯಿರಿ.

ಈ ಕಾಲಕ್ಕೆ ಮರಿಯಾದರೆ ಲಾಭ ಏನೆಂದರೆ, ಗಬ್ಬದ ತಿಂಗಳುಗಳಲ್ಲಿ ಮಳೆಗಾಲದ ಹಸಿರು, ಮರಿ ಹುಟ್ಟಿದಾಗ ಒಣಹವೆ, ಹಿಂದೆಯೇ ತೊಗರಿ, ಕಡಲೆಯ ರಾಶಿಯ ಹೊಟ್ಟು. ಹುಮನಾಬಾದದ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ ಬರುತ್ತದೆ, ಆಗ ಮರಿಗಳು ತಾವೇ ಸೊಪ್ಪು ತಿನ್ನುವಷ್ಟು ಬೆಳೆದಿರುತ್ತವೆ. ಭಾರತ ಹುಣ್ಣಿಮೆಗೆ ಹಾಲು ಬಿಡಿಸಬಹುದು.

ಆಡು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬಾಲ ಬಡಿಯುತ್ತದೆ, ಸುಮ್ಮನೆ ಕೂಗುತ್ತದೆ, ಮೇವು ಬಿಡುತ್ತದೆ. ಒಂದೆರಡು ದಿನ ಮಾತ್ರ ಇರುವ ಈ ಬೆದೆ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಹೆಣ್ಣುಮರಿಗೆ ವರ್ಷ ತುಂಬುವವರೆಗೆ ಹೋತ ಬೇಡ. ಎಳೆಯ ಮೈಗೆ ಗಬ್ಬ ಕಟ್ಟಿದರೆ ತಾನೂ ಬೆಳೆಯದು, ಮರಿಯೂ ಬಲಿಯದು. ಹುಡುಗಿಯರ ವಿಷಯದಲ್ಲಿ ನಮಗೆ ಗೊತ್ತಿದ್ದದ್ದೇ ಅಲ್ಲವೇ? ಇನ್ನೊಂದು: ಅದೇ ಮನೆಯಲ್ಲಿ ಹುಟ್ಟಿದ ಹೋತವನ್ನು ತಾಯಿಗೆ, ತಂಗಿಗೆ ಬಿಡಬೇಡಿ. ಬೇರೆ ಹಿಂಡಿನದು ಹುಡುಕಿ.

ಎರಡು ವರ್ಷದಲ್ಲಿ ಮೂರು ಸಲ ಮರಿ ತೆಗೆಯುವವರೂ ಇದ್ದಾರೆ. ಹಾಗೆ ಮಾಡುವಾಗ ಗಬ್ಬದ ಆಡು ಇನ್ನೂ ಹಾಲು ಕೊಡುತ್ತಿದ್ದರೆ ಮೂರನೇ ಹುಣ್ಣಿಮೆಗೆ ಹಾಲು ನಿಲ್ಲಿಸಿರಿ. ಕೊನೆಯ ಎರಡು ತಿಂಗಳು ಕೆಚ್ಚಲಿಗೆ ವಿಶ್ರಾಂತಿ ಸಿಗಬೇಕು. ಹೊಟ್ಟೆಯ ಮರಿ ಬಹುಪಾಲು ಬೆಳೆಯುವುದು ಆ ದಿನಗಳಲ್ಲೇ. ಬಾಣಂತಿಗೆ ಆರೈಕೆ ಮಾಡುವ ನಾವು ಬಸುರಿಯ ಆರೈಕೆ ಮರೆಯಬಾರದು. ಕೊನೆಯ ತಿಂಗಳು ದಿನಕ್ಕೆ ಕಾಲು ಕಿಲೋ ದಾಣಿ ಹೆಚ್ಚಿಗೆ ಹಾಕಿ.

ಮೇವು, ದಾಣಿ, ನೀರು

ದನ ನೆಲ ನೋಡಿ ಮೇಯುತ್ತದೆ, ಆಡು ಗಿಡ ನೋಡಿ ಮೇಯುತ್ತದೆ. ಜಾಲಿ, ಬೇವು, ಬಾರಿ, ನುಗ್ಗೆ, ಸುಬಾಬುಲ್, ಯಾವುದೂ ಆದೀತು. ಒಂದೇ ಸೊಪ್ಪು ದಿನಾ ಹಾಕದೆ ಬದಲಿಸುತ್ತಿರಿ, ಸುಬಾಬುಲ್ ಅಂತೂ ಮೇವಿನ ಮೂರನೇ ಒಂದು ಪಾಲು ಮೀರದಿರಲಿ. ಕಟ್ಟನ್ನು ಗೋಡೆಗೆ ಎತ್ತರಕ್ಕೆ ಕಟ್ಟಿ. ನೆಲಕ್ಕೆ ಬಿದ್ದು ಉಚ್ಚೆ ಹತ್ತಿದ ಸೊಪ್ಪನ್ನು ಆಡು ಮೂಸಿಯೂ ನೋಡದು, ಮಡಿವಂತ ಅತ್ತೆಯ ಹಾಗೆ!

ಹತ್ತು ಕಿಲೋ ದಾಣಿ ಮನೆಯಲ್ಲೇ ಮಾಡಿಕೊಳ್ಳುವ ಅಳತೆ ಇದು: ಮೆಕ್ಕೆಜೋಳದ ನುಚ್ಚು 4 ಕಿಲೋ, ಶೇಂಗಾ ಹಿಂಡಿ ಎರಡೂವರೆ ಕಿಲೋ, ಗೋಧಿ ಬೂಸಾ ಅಥವಾ ದಾಲ್‌ಮಿಲ್ಲಿನ ತೊಗರಿ ಚುನ್ನಿ 3 ಕಿಲೋ 200 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಬೇಡವೇ ಬೇಡ, ಅದರ ವಿಷ ಹಾಲಿಗೂ ಇಳಿಯುತ್ತದೆ. ಕಾಲು ಕಿಲೋ ದಾಣಿ ಮೈಗೆ, ಅದರ ಮೇಲೆ ಒಂದು ಲೀಟರ್ ಹಾಲಿಗೆ ಮುನ್ನೂರು ನಾನೂರು ಗ್ರಾಂ. ಎರಡು ಹೊತ್ತಿಗೆ ಹಂಚಿ ಹಾಕಿ. ಹಾಲಿನ ಆಡಿನ ಮುಂದೆ ಬಕೀಟಿನಲ್ಲಿ ಶುದ್ಧ ನೀರು ಯಾವಾಗಲೂ ಇರಲಿ. ನೀರು ಕಡಿಮೆಯಾದ ದಿನವೇ ಹಾಲು ಕಡಿಮೆಯಾಗುತ್ತದೆ, ಬೇಕಾದರೆ ಅಳೆದು ನೋಡಿ.

ಎರಡು ವಿಷಯದಲ್ಲಿ ಜಾಗ್ರತೆ. ಒಂದು, ಎಳೆ ಜೋಳ. ಮೊಳಕಾಲೆತ್ತರ ಬಾರದ ಜೋಳದ ಬೆಳೆ, ಮಳೆಯಿಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಲ್ಲಿ ವಿಷವಿರುತ್ತದೆ. ಹೊಟ್ಟೆ ತುಂಬ ತಿಂದ ಆಡು ತಾಸಿನೊಳಗೆ ನೆಲಕ್ಕೆ ಬಿದ್ದೀತು. ಹಗ್ಗ ಬಿಚ್ಚಿ ಹೊಲದ ಬದುವಿಗೆ ಬಿಡುವ ಮೊದಲು ಆಚೆ ಹೊಲದಲ್ಲಿ ಏನಿದೆ ನೋಡಿ. ಎರಡು, ನಮ್ಮದೇ ಪ್ರೀತಿ. ಮದುವೆಮನೆಯ ಉಳಿದ ಅನ್ನ, ಹೋಳಿಗೆ, ಹಿಟ್ಟು ತಂದು ಆಡಿನ ಮುಂದೆ ಸುರಿಯುತ್ತೇವೆ. ಹೊಟ್ಟೆಯಲ್ಲಿ ಅದು ಹುಳಿಯಾಗಿ ಆಡು ಸಾಯುವುದುಂಟು. ಹಿಡಿಯಷ್ಟು ಬೇರೆ, ಬುಟ್ಟಿಯಷ್ಟು ಬೇರೆ.

ಮಲಗಲು ಒಂದು ಆಡಿಗೆ ಹತ್ತು ಹನ್ನೆರಡು ಚದರಡಿ ಸಾಕು. ಆದರೆ ಒಣಗಿರಬೇಕು. ಹಳೆಯ ಹೊರಸಿನ ಕಟ್ಟಿಗೆ, ಬಿದಿರು ಸೇರಿಸಿ ಒಂದಡಿ ಎತ್ತರದ ಅಟ್ಟ ಮಾಡಿದರೆ ಹಿಕ್ಕೆ, ಉಚ್ಚೆ ಕೆಳಗೆ ಬಿದ್ದು ಮೈ, ಕೆಚ್ಚಲು ಶುದ್ಧವಾಗಿರುತ್ತವೆ. ಹಿಕ್ಕೆ ನಿಮ್ಮ ನುಗ್ಗೆಗಿಡಕ್ಕೆ ಗೊಬ್ಬರ!

ರೋಗ ಬರುವ ಮೊದಲು

ನನ್ನ ಎರಡನೇ ಪಾಠ ಇದು: ಔಷಧಿಗಿಂತ ಲಸಿಕೆ ಅಗ್ಗ. ಪಿ.ಪಿ.ಆರ್. ಎಂಬ ಬೇನೆ ಹಿಂದಿನ ದನಗಳ ದೊಡ್ಡರೋಗದ ಬಳಗದ್ದು. ಆ ದೊಡ್ಡರೋಗವನ್ನು ಲಸಿಕೆಯಿಂದಲೇ ಜಗತ್ತಿನಿಂದ ಅಳಿಸಿ, 2011ರಲ್ಲಿ ಹಾಗೆಂದು ಘೋಷಿಸಿದರು. ಈಗ ಪಿ.ಪಿ.ಆರ್. ಅನ್ನು 2030ರೊಳಗೆ ತೊಲಗಿಸಬೇಕೆಂದು ದೇಶದೇಶಗಳು ಕೂಡಿ ಹೊರಟಿವೆ. ಮರಿಗೆ ಮೂರು ತಿಂಗಳು ದಾಟಿದ ಮೇಲೆ ಈ ಸೂಜಿ ಹಾಕಿಸಿರಿ. ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಕರುಳುಬೇನೆಯ ಸೂಜಿ ಪ್ರತಿ ವರ್ಷ ಬೇಕು. ಮೊದಲ ಮಳೆಯ ಎಳೆಹುಲ್ಲು ಮೇದು ಬಲಿಷ್ಠ ಮರಿಗಳೇ ರಾತ್ರೋರಾತ್ರಿ ಹೋಗುವುದು ಈ ಬೇನೆಯಿಂದ. ಕಾಲುಬಾಯಿ ಬೇನೆಯ ಸೂಜಿ ಎಂದು, ಉಳಿದವು ಯಾವಾಗ ಎಂದು ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ. ತುರ್ತು ಇದ್ದರೆ 1962ಕ್ಕೆ ಫೋನು ಮಾಡಬಹುದು.

ಹದಿನೈದು ದಿನಕ್ಕೊಮ್ಮೆ ಆಡಿನ ಕೆಳರೆಪ್ಪೆ ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಳಗೆ ಕೆಂಪು, ನಸುಗೆಂಪು ಇದ್ದರೆ ಒಳ್ಳೆಯದು. ಬಿಳುಪೇರಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಇರಬಹುದು, ಡಾಕ್ಟರಿಗೆ ತೋರಿಸಿ. ಹಾಲು ಕರೆಯುವಾಗ ಮೊದಲ ಎರಡು ಧಾರೆ ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಗಡ್ಡೆ, ರಕ್ತ ಕಂಡರೆ ಕೆಚ್ಚಲುಬಾವು. ಆ ಹಾಲು ಮನೆಗೂ ಬೇಡ, ಮರಿಗೂ ಬೇಡ.

ಒಂದು ಮಾತು ಸಂಕೋಚವಿಲ್ಲದೆ ಹೇಳುತ್ತೇನೆ. ಆಡು ತಿಂಗಳು ತುಂಬುವ ಮೊದಲೇ ಮರಿ ಹಾಕಿದರೆ ಬಸುರಿ ಹೆಂಗಸರು ಹತ್ತಿರ ಹೋಗಬಾರದು. ಬ್ರುಸೆಲ್ಲಾ ಎಂಬ ರೋಗಾಣು ಇರಬಹುದು, ಅದು ಮನುಷ್ಯರಿಗೂ ಹತ್ತುತ್ತದೆ. ಬಿಟ್ಟುಬಿಟ್ಟು ಜ್ವರ, ಕೀಲುನೋವು, ಕೆಲವೊಮ್ಮೆ ಗರ್ಭಕ್ಕೂ ಅಪಾಯ. ಬೇರೆಯವರು ಕೈಗವಸು ಹಾಕಿಕೊಂಡು ಆ ಮರಿ, ಮಾಸು ಎಲ್ಲವನ್ನೂ ಆಳವಾಗಿ, ಸುಣ್ಣ ಹಾಕಿ ಹೂಳಬೇಕು. "ಏನಾಗ್ತದ ಬಿಡ್ರಿ, ನಮ್ಮವ್ವ ಬರಿಗೈಲೆ ಮಾಡತಿದ್ದಳು" ಎನ್ನಬೇಡಿ. ಇದೇ ಕಾರಣಕ್ಕೆ ಆಡಿನ ಹಾಲನ್ನು ಹಸಿಯಾಗಿ ಯಾರೂ ಕುಡಿಯಬಾರದು. ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ನಿಮ್ಮ ಪ್ರಶ್ನೆ

ಬಸವಕಲ್ಯಾಣದ ಅಜ್ಜಿಯೊಬ್ಬರು ಕೇಳಿದ್ದಾರೆ: "ಮೊಮ್ಮಗಳಿಗೆ ಮೂರು ತಿಂಗಳು. ಸೊಸೆಗೆ ಹಾಲು ಸಾಲದು ಅನಿಸುತ್ತದೆ. ಆಡಿನ ಹಾಲು ಹಗುರ ಅಂತಾರೆ, ಕುಡಿಸಲೇ?"

ಬೇಡಿ ಅಮ್ಮ. ಆರು ತಿಂಗಳು ತಾಯಿಹಾಲು ಬಿಟ್ಟು ಬೇರೆ ಹಾಲು, ನೀರು ಏನೂ ಬೇಡ. ಆಡಿನ ಹಾಲಿನಲ್ಲಿ ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲ ಬಹಳ ಕಡಿಮೆ. ಅದನ್ನೇ ನೆಚ್ಚಿದ ಕೂಸಿಗೆ ರಕ್ತಹೀನತೆ ಬರುತ್ತದೆ. ಕೂಸಿಗೆ ವರ್ಷ ತುಂಬುವವರೆಗೆ ಅದು ಮುಖ್ಯ ಹಾಲಾಗಬಾರದು. ಸೊಸೆಯನ್ನು ಡಾಕ್ಟರಿಗೆ ತೋರಿಸಿ, ಹೊಟ್ಟೆ ತುಂಬ ಊಟ ಹಾಕಿ, ಕೂಸನ್ನು ಮೇಲಿಂದ ಮೇಲೆ ಎದೆಗೆ ಹಿಡಿಸಿ. ಆಡಿನ ಮರಿಗೆ ಹೇಳಿದ ಮಾತೇ ಇಲ್ಲಿಯೂ: ಅವರವರ ಕೂಸಿಗೆ ಅವರವರ ತಾಯಿಯ ಹಾಲು.

ದೊಡ್ಡವರಿಗೆ ಮಾತ್ರ ಆಡಿನ ಹಾಲು ಬಲು ಒಳ್ಳೆಯದು. 1919ರ ಮೊದಲಲ್ಲಿ ಗಾಂಧೀಜಿ ಕಾಯಿಲೆಯಿಂದ ಬಳಲಿದ್ದಾಗ ಹಸು, ಎಮ್ಮೆಯ ಹಾಲು ಮುಟ್ಟುವುದಿಲ್ಲ ಎಂಬ ವ್ರತ ಅಡ್ಡ ಬಂತು. ಹಾಗಾದರೆ ಆಡಿನ ಹಾಲಿಗೆ ಅಡ್ಡಿಯೇನು ಎಂದು ಹಾದಿ ತೋರಿಸಿದವರು ಕಸ್ತೂರಬಾ. ಅಂದಿನಿಂದ ಆಡಿನ ಹಾಲು ಅವರ ಜೊತೆಗೇ ಇತ್ತು. "ವಾಸನೆ ಬರುತ್ತದಲ್ಲ" ಎನ್ನುವವರಿಗೆ: ಹಾಲಿನ ಆಡಿನ ಹತ್ತಿರ ಹೋತ ಕಟ್ಟಬೇಡಿ, ಕೆಚ್ಚಲು ತೊಳೆದು ಒರೆಸಿ ಸ್ಟೀಲಿನ ಪಾತ್ರೆಗೆ ಹಿಂಡಿ, ಕೂಡಲೇ ಸೋಸಿ ಕಾಯಿಸಿ. ವಾಸನೆ ಇರುವುದಿಲ್ಲ. ಮೊಸರು ಮಾತ್ರ ಸ್ವಲ್ಪ ತೆಳುವು, ಅದು ನಿಮ್ಮ ಹೆಪ್ಪಿನ ತಪ್ಪಲ್ಲ.

ಭಾರತ ಹುಣ್ಣಿಮೆಯ ಹುಗ್ಗಿ

ಮರಿ ಹಾಲು ಬಿಟ್ಟ ಸಂಭ್ರಮಕ್ಕೆ ಇದನ್ನು ಮಾಡಿ. ಕುಟ್ಟಿದ ಹುಗ್ಗಿ ಗೋಧಿ ಒಂದು ಬಟ್ಟಲು ರಾತ್ರಿ ನೆನೆಹಾಕಿ. ಬೆಳಿಗ್ಗೆ ನಾಲ್ಕು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ, ಸೌಟಿನಿಂದ ಮಸೆಯಿರಿ. ಒಂದು ಬಟ್ಟಲು ಬೆಲ್ಲ ಹಾಕಿ ಕರಗಿಸಿ, ಗಸಗಸೆ ಒಂದು ಚಮಚ, ಒಣಕೊಬ್ಬರಿ, ಏಲಕ್ಕಿ ಸೇರಿಸಿ ಇಳಿಸಿ. ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಆಡಿನ ಹಾಲು ಎರಡು ಬಟ್ಟಲು ಕೂಡಿಸಿ. ಒಲೆಯ ಮೇಲಿರುವಾಗಲೇ ಹಾಲು ಹೊಯ್ದರೆ ಬೆಲ್ಲಕ್ಕೆ ಒಡೆಯುತ್ತದೆ. ತುಪ್ಪ ನಿಮ್ಮ ಕೈಯಳತೆ.

ಮರುವರ್ಷ ಕಾಳಿ ಮತ್ತೆ ಅವಳಿ ಹಾಕಿತು. ಈ ಸಲ ನಾನು ತಂಬಿಗೆ ಮುಟ್ಟಲಿಲ್ಲ. ಮರಿಗಳ ಪಕ್ಕದಲ್ಲೇ ಕುಳಿತು, ಎರಡೂ ಬಾಲ ಅಲ್ಲಾಡಿಸಿ ಗಿಣ್ಣ ಕುಡಿಯುವುದನ್ನು ನೋಡಿ ಎದ್ದೆ. ಗಂಡುಮರಿ ಮಾರಿದ ದುಡ್ಡು ಮಗಳ ಕಾಲೇಜಿನ ಫೀಸಿಗೆ ಕೂಡಿತು, ಹೆಣ್ಣುಮರಿ ಈಗ ತಾನೇ ತಾಯಿಯಾಗಿದೆ. ಹೋದ ಮರಿಯ ಗೂಟ ಇನ್ನೂ ಅಲ್ಲೇ ಇದೆ, ಕಿತ್ತಿಲ್ಲ.

ಚಿಟಗುಪ್ಪಾದ ತಂಗಿ, ಆಡು ಕೊಳ್ಳುವಾಗ ಒಂದೆರಡು ಸಲ ಮರಿ ಹಾಕಿದ್ದನ್ನೇ ನೋಡಿ. ಮಾರುವವರ ಮನೆಯಲ್ಲಿ ಎರಡು ಹೊತ್ತು ನೀವೇ ಹಿಂಡಿ ಅಳೆಯಿರಿ. ಮೊಲೆ ಎರಡೂ ಸಮನಾಗಿರಲಿ, ಕೆಚ್ಚಲು ಹಿಂಡಿದ ಮೇಲೆ ಮೆತ್ತಗಾಗಲಿ. ಆಮೇಲೆ ಅದರ ಮರಿಯನ್ನೂ ಒಮ್ಮೆ ಎತ್ತಿ ನೋಡಿ. ಮರಿ ದುಂಡಗಿದ್ದರೆ ಆ ಮನೆಯ ಆಡು ಧೈರ್ಯವಾಗಿ ತನ್ನಿರಿ. ಮುಂದಿನ ಸಂಚಿಕೆಯಲ್ಲಿ ಬೇಸಿಗೆಗೆ ಹಪ್ಪಳ, ಸಂಡಿಗೆ. ಕಾಗದ ಬರೆಯುತ್ತಿರಿ.